ಹದಿನೇಳನೇ ಸ್ಥಾನದ ಬೀದಿ

೧

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಸಾಫ್ಟ್‌ವೇರಿನಿಂದ ಶುರು ಮಾಡಿದರೆ ಪುಟ ಮಗುಚುತ್ತೀರಿ. ಮಳೆಯಿಂದ ಶುರು ಮಾಡಿದರೆ ಕಿಟಕಿ, ಕೊಡೆ, ಹಳೆಯ ಪ್ರೇಮ ಎಂದೆಲ್ಲ ನೆನೆಸಿಕೊಂಡು ಕರವಸ್ತ್ರ ಹುಡುಕುತ್ತೀರಿ. ಈ ಕಥೆಯ ಮಳೆಗೆ ಅಂಥ ನಾಜೂಕು ಗೊತ್ತಿಲ್ಲ. ಬರುತ್ತದೆ, ತಗ್ಗಿನ ಬೀದಿಗೆ ಇಳಿಯುತ್ತದೆ, ಹೇಳದೆ ಕೇಳದೆ ಹನ್ನೆರಡು ಮನೆಗಳಿಗೆ ನುಗ್ಗಿ ಮಂಚದ ಕೆಳಗೆ ಕೂರುತ್ತದೆ. ನೆಂಟರಾದರೂ ಮೂರನೇ ದಿನಕ್ಕೆ ಹೊರಡುತ್ತಾರೆ. ಇದು ಪಂಪು ತಂದು ಎಳೆದು ಹಾಕುವ ತನಕ ಏಳುವುದಿಲ್ಲ.

ಸರಿ, ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಎಂದು ಶುರು ಮಾಡೋಣ. ಗಂಟೆ ಹೇಳಿಬಿಟ್ಟರೆ ಕಥೆಗಾರನಿಗೆ ವಿಷಯ ಗೊತ್ತಿದೆ ಎಂದು ಜನ ನಂಬುತ್ತಾರೆ.

ನಗರಸಭೆ ಕಚೇರಿ, ಎರಡನೇ ಮಹಡಿ, ಒಳಚರಂಡಿ ವಿಭಾಗ. ಗೋಡೆಯ ಮೇಲೆ ಊರಿನ ನಕ್ಷೆ. ನಕ್ಷೆಗೆ ಆನಿಸಿಟ್ಟ ಒಂದು ಏಣಿ. (ಏಣಿ ಅಲ್ಲೇಕಿದೆ ಎಂದು ಕಚೇರಿಯವರಿಗೂ ಗೊತ್ತಿಲ್ಲ, ಕಥೆಯಲ್ಲಿ ಅದಕ್ಕೆ ಕೆಲಸವೂ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.) ಕಂಪ್ಯೂಟರಿನ ಮುಂದೆ ನಮ್ಮ ಎಂಜಿನಿಯರ್ ಕೂತಿದ್ದಾಳೆ. ಊರಿಗೆಲ್ಲ ಅವಳು ಚರಂಡಿ ಮೇಡಂ. ಯಾರಾದರೂ ಕರುಣೆಯಿಂದ 'ಜಲ ಎಂಜಿನಿಯರ್' ಎಂದರೆ ತಿರುಗಿಯೂ ನೋಡುವುದಿಲ್ಲ, ಬೇರೆ ಯಾರನ್ನೋ ಕರೆದರು ಅಂದುಕೊಳ್ಳುತ್ತಾಳೆ.

ಅವಳ ಎದುರಿಗಿರುವುದು ಜಾಣಯ್ಯ. ಜಾಣಯ್ಯ ಮನುಷ್ಯನಲ್ಲ, ಹೋದ ವರ್ಷ ಮೇಲಿನ ಕಚೇರಿಯಿಂದ ಬಂದ ಸಾಫ್ಟ್‌ವೇರು. ಅದಕ್ಕೊಂದು ಮಾರುದ್ದದ ಇಂಗ್ಲಿಷ್ ಹೆಸರಿದೆ. ನಾಲಿಗೆ ಹೊರಳದೆ ಕಚೇರಿಯವರೇ ಈ ಹೆಸರಿಟ್ಟುಕೊಂಡರು. ಮಳೆನೀರನ್ನು ಸಿಮೆಂಟು ಪೈಪಿನಲ್ಲಿ ಓಡಿಸುವ ಬದಲು ಮಣ್ಣಿಗೆ, ಗಿಡಕ್ಕೆ, ಕೊಳಕ್ಕೆ ಒಪ್ಪಿಸುವುದಾದರೆ ಊರಿನಲ್ಲಿ ಯಾವ ಜಾಗ ಒಳ್ಳೆಯದು, ಅಲ್ಲಿ ಗುಂಡಿ ತೋಡಿ ಜೊಂಡು ನೆಡಬೇಕೋ, ಸಾಲುಮರ ನೆಡಬೇಕೋ, ಎಲ್ಲವನ್ನೂ ಅಂಕ ಹಾಕಿ ಹೇಳುವುದು ಅವನ ಕಸುಬು. ಹದಿನೇಳು ಜಾಗಗಳ ಮಾಹಿತಿ ತುಂಬಿಸಿದ್ದರು. ಈ ವರ್ಷ ಕೆಲಸ ಒಂದೇ ಒಂದು ಕಡೆ. ಯಾವ ಕಡೆ ಎಂದು ಗುರುವಾರದ ಸಭೆ ತೀರ್ಮಾನಿಸುತ್ತದೆ. ಬುಧವಾರ ಸಂಜೆ ಐದಕ್ಕೆ ಜಾಣಯ್ಯನ ಬಾಗಿಲು ಬಂದ್, ಆಮೇಲೆ ಯಾರೂ ಏನೂ ತಿದ್ದುವಂತಿಲ್ಲ. ಈ ಸಲ ತಪ್ಪಿದರೆ ಮತ್ತೆ ಸರದಿ ಬರುವುದು ಮೂರು ವರ್ಷಕ್ಕೆ.

ಎಂಜಿನಿಯರ್ ಗುಂಡಿ ಒತ್ತಿದಳು. ಜಾಣಯ್ಯ ಪಟ್ಟಿ ಕೊಟ್ಟ.

ಒಂದನೇ ಸ್ಥಾನ, ಗುಡ್ಡದ ಬಡಾವಣೆ. ಹದಿನೇಳನೇ ಸ್ಥಾನ, ತಗ್ಗಿನ ಬೀದಿ.

ಹದಿನೆಂಟನೆಯದು ಅಂತ ಇದ್ದಿದ್ದರೆ ಅಲ್ಲಿಗೇ ತಳ್ಳುತ್ತಿದ್ದನೋ ಏನೋ. ಗುಡ್ಡದ ಮೇಲೆ ನೀರು ನಿಂತದ್ದನ್ನು ಹುಟ್ಟಿದವರು ಯಾರೂ ನೋಡಿಲ್ಲ. ತಗ್ಗಿನ ಬೀದಿಯಲ್ಲಿ ನೀರು ನಿಂತದ್ದನ್ನು ನಮ್ಮ ಎಂಜಿನಿಯರ್ ಹದಿನಾಲ್ಕು ವರ್ಷದಿಂದ ನೋಡುತ್ತಿದ್ದಾಳೆ. ಅವಳು ಆ ಬೀದಿಯ ಸೊಸೆ.

೨ (ಕೈಬಿಟ್ಟ ಕರಡು)

'ಅತ್ತೆ ಗೊಣಗುತ್ತ ಬಾಗಿಲು ತೆರೆದಳು. ಬಾಡಿದ ಮುಖದ ಸೊಸೆಯನ್ನು ಕಂಡು…'

"ಯಾರಪ್ಪಾ ಅದು, ನನ್ನ ಗೊಣಗಿಸ್ತಿರೋನು?"

ಓದುಗರೇ, ಇವರೇ ಎಂಜಿನಿಯರಳ ಅತ್ತೆ. ಅರವತ್ತೊಂಬತ್ತು ವರ್ಷ, ಮಂಡಿ ನೋವು, ನಾಲಿಗೆಗೆ ಮಾತ್ರ ಯಾವ ನೋವೂ ಇಲ್ಲ.

"ಕಥೇಲಿ ಅತ್ತೆ ಅಂದ್ರೆ ಗೊಣಗಲೇಬೇಕಾ? ನಾನು ಗೊಣಗಲ್ಲ, ಎದುರಿಗೇ ಬೈತೀನಿ. ಹಾಗೇ ಬರಿ. ಮತ್ತೆ 'ತೆರೆದಳು' ಅಂತೆ! ನಿಮ್ಮಮ್ಮನ ವಯಸ್ಸಾಯ್ತು ನನಗೆ."

ಕರಡು ಹರಿದೆ. ಅತ್ತೆ ಬರಬೇಕಾದಾಗ ಬರುತ್ತಾರೆ, ಬರುವುದು ಬೇಡ ಎಂದರೂ ಬರುತ್ತಾರೆ. (ಗಂಡ ಎಲ್ಲಿ ಎಂದು ಕೇಳುವವರಿಗೆ: ದೂರದ ರೂಟಿನ ಬಸ್ಸು ಓಡಿಸುತ್ತಾನೆ, ಶುಕ್ರವಾರ ಬರುತ್ತಾನೆ. ಕಥೆಯಲ್ಲಿ ನನಗೆ ಪಾತ್ರ ಯಾಕಿಲ್ಲ ಎಂದು ಅವನೇ ಕೇಳಿಲ್ಲ.)

೩

ಜಾಣಯ್ಯನಿಗೆ ತಲೆ ಕೆಟ್ಟಿದೆ ಎಂದುಕೊಂಡು ಎಂಜಿನಿಯರ್ ತಗ್ಗಿನ ಬೀದಿಯ ಮಾಹಿತಿ ತೆರೆದು ನೋಡಿದಳು.

ನಿಂತ ನೀರಿನ ಆಳ: ಸೊನ್ನೆ.

ಐದು ವರ್ಷದಲ್ಲಿ ಬಂದ ದೂರುಗಳು: ಸೊನ್ನೆ.

ಸಮೀಕ್ಷೆ ಮಾಡಿದವರು: ಅವಳೇ.

ಅವಳ ಕಿವಿ ಬಿಸಿಯಾಯಿತು. ನೆನಪಾಯಿತು. ಕಾಗದ ನೆನೆಯಬಾರದು ಎಂದು ಇವರ ವಿಭಾಗದಲ್ಲಿ ಸಮೀಕ್ಷೆಗಳೆಲ್ಲ ಬೇಸಿಗೆಯಲ್ಲೇ ನಡೆಯುತ್ತವೆ, ಮಳೆನೀರಿನ ಸಮೀಕ್ಷೆ ಕೂಡ. ಫಾರಮ್ಮಿನಲ್ಲಿ ಇದ್ದದ್ದು 'ಸಮೀಕ್ಷೆಯ ದಿನ ನಿಂತ ನೀರು ಎಷ್ಟು' ಎಂದು. ಮಿಕ್ಕ ಹದಿನಾರು ಜಾಗಕ್ಕೆ ಹೋದವರು ಬುದ್ಧಿವಂತರು, ಅಲ್ಲಿನ ಜನರನ್ನು ಕೇಳಿ ಮಳೆಗಾಲದ ಅಂದಾಜು ಬರೆದರು. ಇವಳೊಬ್ಬಳು ಸುಡುಬಿಸಿಲಿನಲ್ಲಿ ತನ್ನದೇ ಬೀದಿಯಲ್ಲಿ ನಿಂತು, ಧೂಳು ಹಾರುವುದನ್ನು ನೋಡುತ್ತ, ಸೊನ್ನೆ ಎಂದು ಬರೆದಳು. ತನ್ನ ಮನೆಯ ಬೀದಿಗೆ ಹೆಚ್ಚು ಬರೆದಳು ಎಂದು ನಾಳೆ ಯಾರೂ ಬೆರಳು ತೋರಿಸಬಾರದಲ್ಲ!

ದೂರಿನ ಸೊನ್ನೆಯೂ ಅವಳದೇ. ಗುಡ್ಡದ ಬಡಾವಣೆಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ. ಚರಂಡಿಗೆ ಬಿದ್ದ ಒಣಗಿದ ಎಲೆಗಳ ಬಗ್ಗೆ ಮೂವತ್ತೇಳು ಕಾಗದ ಬರೆದಿದ್ದಾರೆ, ಮೂವತ್ತೇಳೂ ಕಚೇರಿಯ ದೂರು ಪುಸ್ತಕದಲ್ಲಿವೆ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತ ಸುಮ್ಮನೆ ಹೇಳುತ್ತಾರೆಯೇ? ತಗ್ಗಿನ ಬೀದಿಯವರು ಕಾಗದ ಬರೆಯುವುದಿಲ್ಲ. ನೀರು ಬಂದರೆ ಎಂಜಿನಿಯರಳ ಮನೆ ಬಾಗಿಲಿಗೆ ಬಂದು "ಮೇಡಂ, ಬಂತು" ಅನ್ನುತ್ತಾರೆ. ಇವಳು ರಬ್ಬರ್ ಬೂಟು ಹಾಕಿಕೊಂಡು, ಬೀದಿಯವರೇ ಸೇರಿ ತಂದ ಹಳೇ ಪಂಪು ಹೂಡಿ, ಬೆಳಗಿನ ಆರರಿಂದ ಒಂಬತ್ತರ ತನಕ ಹನ್ನೆರಡು ಮನೆಯ ನೀರು ಹೊರಗೆ ಹಾಕಿ, ಸ್ನಾನ ಮಾಡಿ ಕಚೇರಿಗೆ ಹೋಗುತ್ತಾಳೆ. ಕಚೇರಿಗೆ ಹೋಗಿ ತನ್ನ ಬೀದಿಯ ಹೆಸರೆತ್ತುವುದಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ಹದಿನಾಲ್ಕು ವರ್ಷ ಹೀಗೇ ನಡೆದಿದೆ.

ಅವಳು ಪರದೆಯನ್ನೇ ನೋಡುತ್ತ ಕೂತಳು. ದೀಪದ ಬುಡದಲ್ಲಿ ಕತ್ತಲೆ ಎಂದು ಇಷ್ಟು ದಿನ ಬೇರೆಯವರಿಗೆ ಹೇಳುತ್ತಿದ್ದಳು.

೪

"ಅದಕ್ಯಾಕಮ್ಮ ಅಷ್ಟು ತಲೆ ಕೆಡಿಸ್ಕೋತೀಯ?" ಎಂದರು ದೊಡ್ಡ ಸಾಹೇಬರು. ಇವರು ವಿಭಾಗದ ಮುಖ್ಯಸ್ಥರು, ನಿವೃತ್ತಿಗೆ ಎಂಟು ತಿಂಗಳಿದೆ, ಆದ್ದರಿಂದ ಯಾವುದಕ್ಕೂ ತಲೆ ಕೆಡಿಸಿಕೊಳ್ಳುವುದಿಲ್ಲ. "ಯಾವುದಕ್ಕೆ ಎಷ್ಟು ಬೆಲೆ ಕೊಡ್ಬೇಕು ಅನ್ನೋದು ನಮ್ಮ ಕೈಲೇ ಇದೆ. ದೂರಿನ ತೂಕ ಅಂತ ಒಂದು ಗುಂಡಿ ಇದ್ಯಲ್ಲ, ಅದನ್ನ ಎಡಕ್ಕೆ ಎಳಿ. ತಗ್ಗು ಜಾಗದ ತೂಕ ಅಂತ ಇದ್ಯಲ್ಲ, ಅದನ್ನ ಬಲಕ್ಕೆ ಎಳಿ. ಯಾವ ಜಾಗ ಬೇಕು ಅಂತ ಮೊದ್ಲು ನಾವು ತೀರ್ಮಾನ ಮಾಡ್ಬೇಕು, ಆಮೇಲೆ ಜಾಣಯ್ಯನ್ನ ಕೇಳ್ಬೇಕು. ಅಂಗಡೀಲಿ ಬಟ್ಟೆ ಆರಿಸಿ ಆದ್ಮೇಲೆ ಗಂಡನ್ನ 'ಹೇಗಿದೆ' ಅಂತ ಕೇಳಲ್ವಾ, ಹಾಗೆ."

ಅವಳು ಎಳೆದಳು. ಒಂದು ಎಡಕ್ಕೆ, ಒಂದು ಬಲಕ್ಕೆ. ತಗ್ಗಿನ ಬೀದಿ ಹದಿನೇಳರಿಂದ ಜಿಗಿದು ಒಂದನೇ ಸ್ಥಾನಕ್ಕೆ ಬಂದು ಕೂತಿತು. ಅವಳಿಗೆ ಸಂತೋಷವಾಯಿತು. ಸುಳ್ಳೇಕೆ ಹೇಳಲಿ, ನನಗೂ ಆಯಿತು. ಇಲ್ಲಿಗೇ ಕಥೆ ಮುಗಿಸಿ ಚಹಾ ಕುಡಿಯಬಹುದು ಎಂದುಕೊಂಡೆ.

ಆಗ ಪರದೆಯ ಕೆಳಗೆ ಸಣ್ಣ ಅಕ್ಷರದ ಸಾಲೊಂದು ಮೂಡಿತು. 'ತೂಕ ಬದಲಿಸಿದವರು' ಎಂದಿತ್ತು, ಮುಂದೆ ಅವಳ ಹೆಸರು.

ಅವಳು ಎರಡೂ ಗುಂಡಿಗಳನ್ನು ಇದ್ದಲ್ಲಿಗೇ ಎಳೆದುಬಿಟ್ಟಳು.

"ಅಯ್ಯೋ, ಯಾಕಮ್ಮ?" ಎಂದೆ. "ಹೆದರಿಕೆನಾ?"

"ಹೆದರಿಕೆ ಇದೆ, ಇಲ್ಲ ಅನ್ನಲ್ಲ. ಆದ್ರೆ ನಾನು ಇವತ್ತು ಈ ಕಡೆ ಎಳೆದ್ರೆ, ನಾಳೆ ಗುಡ್ಡದವರು ಬಂದು ಆ ಕಡೆ ಎಳೆಸ್ತಾರೆ. ಆಮೇಲೆ ಎಳೆದಾಡೋದೇ ಒಂದು ಕೆಲಸ. ಅದೂ ಅಲ್ದೆ, ಜಾಣಯ್ಯ ತಪ್ಪು ಹೇಳಿಲ್ಲ ಸ್ವಾಮಿ. ನಾವು ಅವನಿಗೆ ಹೇಳಿದ್ದೇ ತಪ್ಪು."

"ಕಥೆಗೆ ಒಂದು ಚಂದದ ಮುಕ್ತಾಯ ಸಿಕ್ಕಿತ್ತು."

"ನೀವು ಮುಗಿಸಿ ಮನೆಗೆ ಹೋಗ್ತೀರಿ. ಬೆಳಿಗ್ಗೆ ಆರಕ್ಕೆ ಪಂಪು ಎಳೆಯೋಕೆ ನೀವು ಬರ್ತೀರಾ?"

ಪಾತ್ರಗಳಿಗೆ ಓದು ಬರಹ ಕಲಿಸಬಾರದು ಅನ್ನುವುದು ಇದಕ್ಕೇ.

೫

ಒಂದು ಗಂಟೆಗೆ ಅವಳು ಮನೆಗೆ ಹೋದಳು. ಅತ್ತೆ ಊಟಕ್ಕೆ ತಟ್ಟೆ ಹಾಕುತ್ತಿದ್ದರು. (ಗೊಣಗಲಿಲ್ಲ.)

"ಅತ್ತೆ, ಐದು ವರ್ಷದಿಂದ ನಮ್ಮ ಬೀದಿ ಒಂದೂ ದೂರು ಕೊಟ್ಟಿಲ್ಲವಂತೆ."

"ಕೊಟ್ಟಿಲ್ಲ ಅಂದ್ರೆ? ಮಳೆ ಬಂದಾಗೆಲ್ಲ ನಿನಗೆ ಹೇಳಲ್ವಾ?"

"ನನಗೆ ಹೇಳಿದ್ದು ಪುಸ್ತಕಕ್ಕೆ ಹೋಗಿಲ್ಲ."

"ಯಾಕೆ ಹೋಗಿಲ್ಲ?"

"ನಾನು ಬರೆಸಿಲ್ಲ."

ಅತ್ತೆ ಸೌಟು ಕೆಳಗಿಟ್ಟರು. "ಅಂದ್ರೆ ಚರಂಡಿ ಎಂಜಿನಿಯರನ್ನ ಸೊಸೆ ಮಾಡ್ಕೊಂಡು ನಮ್ಮ ಬೀದಿ ಕೆಟ್ಟಿತು ಅನ್ನು! ಟೈಪಿಸ್ಟ್ ಹುಡುಗಿ ಸಂಬಂಧ ಬಂದಿತ್ತು, ಅದನ್ನೇ ಮಾಡ್ಬೇಕಿತ್ತು ನಾನು."

ಎಂಜಿನಿಯರ್ ನಕ್ಕಳು, ನಗುತ್ತ ನಗುತ್ತ ಅವಳ ಕಣ್ಣು ತುಂಬಿತು. ಅತ್ತೆ ಅದನ್ನು ಕಂಡರು. ಕಂಡ ಮೇಲೆ ದನಿ ಇಳಿಯಿತು.

"ಅಳಬೇಡ್ವೇ. ಈಗ ಏನು ಬೇಕಂತೆ ಅವನಿಗೆ, ಆ ನಿನ್ನ ಜಾಣಯ್ಯನಿಗೆ?"

"ಹಳೇ ದೂರು ಈಗ ಬರೆಯೋಕಾಗಲ್ಲ, ಇವತ್ತಿನ ತಾರೀಖು ಮಾತ್ರ ತಗೊಳ್ತಾನೆ, ಅದು ಈ ಸಲದ ಲೆಕ್ಕಕ್ಕೆ ಸೇರಲ್ಲ. ನೀರಿನ ಆಳ ಮಾತ್ರ ತಿದ್ದಬಹುದು. ಐದು ಗಂಟೆ ಒಳಗೆ. ಆದ್ರೆ ಬಾಯಲ್ಲಿ ಹೇಳಿದ್ದು ಬರೆದ್ರೆ, ಸ್ವಂತ ಬೀದಿ ಅಂತ ಏರಿಸಿದಳು ಅಂತಾರೆ. ಅಳತೆ ಬೇಕು. ಈ ಬಿಸಿಲಲ್ಲಿ ನೀರನ್ನ ಎಲ್ಲಿಂದ ತಂದು ಅಳೀಲಿ?"

"ನೀರು ಯಾಕೆ? ಮಂಚ ನೋಡು."

ಮಂಚ ನೋಡಿದಳು. ಹದಿನಾಲ್ಕು ವರ್ಷದಿಂದ ಅದರ ಮೇಲೆ ಮಲಗಿದವಳು ಈಗ ಮೊದಲ ಸಲ ಬಗ್ಗಿ ಅದರ ಕಾಲು ನೋಡಿದಳು. ಪ್ರತಿ ಕಾಲಿನ ಕೆಳಗೂ ಮೂರು ಇಟ್ಟಿಗೆ.

ತಗ್ಗಿನ ಬೀದಿಯಲ್ಲಿ ಯಾವ ಸಾಮಾನೂ ನೆಲದ ಮೇಲೆ ನಿಂತಿಲ್ಲ. ಒಂದು ಮಳೆಗಾಲದ ನೀರು ತಾಗಿದರೆ ಇನ್ನೊಂದು ಇಟ್ಟಿಗೆ ಏರಿಸುತ್ತಾರೆ. ಎಂಜಿನಿಯರ್ ಅಳತೆ ಟೇಪು ಹಿಡಿದು ಮನೆ ಮನೆಗೆ ಹೊರಟಳು, ಅತ್ತೆ ಮುಂದೆ, ಇವಳು ಹಿಂದೆ. ಟೈಲರನ ಹೊಲಿಗೆ ಯಂತ್ರ ನಾಲ್ಕು ಇಟ್ಟಿಗೆಯ ಮೇಲಿತ್ತು, ಅವನ ಸ್ಟೂಲು ಕೂಡ.

"ಪೆಡಲ್ಲು ಎಟುಕ್ಬೇಕಲ್ಲ ಮೇಡಂ, ಪೆಡಲ್ಲೂ ಏರ್ಸಿದೀನಿ. ಗಿರಾಕಿಗಳು ಬಂದ್ರೆ ನಾನು ಸಿಂಹಾಸನದಿಂದ ಇಳಿದು ಅಳತೆ ತಗೊಳ್ಬೇಕು."

ಎಲ್ಲ ಇಟ್ಟಿಗೆಯೂ ಒಂದೇ ಭಟ್ಟಿಯದು, ಏಳು ಸೆಂಟಿಮೀಟರ್ ಎತ್ತರ. ಬರೀ ಇಟ್ಟಿಗೆ ಎಣಿಸಿದರೆ ಸಾಲದು ಎಂದು, ಎಲ್ಲಿಯ ತನಕ ನೀರಿನ ಕಲೆ ಇದೆಯೋ ಅಲ್ಲಿಗೆ ಟೇಪು ಹಿಡಿದು ಫೋಟೋ ತೆಗೆದಳು. ಎಂಟನೇ ಮನೆಯ ಮಂಚದ ಕೆಳಗೆ ಏಳು ಇಟ್ಟಿಗೆ ಕಂಡು ನಾನು ಖುಷಿಯಿಂದ ಕುಣಿದೆ. ಅವಳು ವಿಚಾರಿಸಿದಳು. ಕೆಳಗೆ ಟ್ರಂಕು ತಳ್ಳಲು ಜಾಗ ಬೇಕಾಗಿತ್ತಂತೆ. ಕಲೆ ಇದ್ದದ್ದು ಮೂರರ ತನಕ, ಮೂರನ್ನೇ ಬರೆದಳು. ಇಂಥವಳನ್ನು ಕಟ್ಟಿಕೊಂಡು ನಾನು ರೋಚಕ ಕಥೆ ಹೇಗೆ ಬರೆಯಲಿ?

ನಾಲ್ಕೂ ನಲವತ್ತಕ್ಕೆ ಕಚೇರಿಗೆ ಓಡಿ ಬಂದು ತುಂಬಿಸಿದಳು. ನೀರಿನ ಆಳಕ್ಕೆ ಆಧಾರ ಏನು ಎಂದು ಜಾಣಯ್ಯ ಕೇಳಿದ. ಉಪಗ್ರಹ, ಸೆನ್ಸರ್, ಇತರೆ. ಅವಳು 'ಇತರೆ' ಒತ್ತಿ, ಖಾಲಿ ಜಾಗದಲ್ಲಿ 'ಇಟ್ಟಿಗೆ' ಎಂದು ಬರೆದು, ಹನ್ನೆರಡು ಫೋಟೋ ಸೇರಿಸಿದಳು. ಜಾಣಯ್ಯನ ಚಕ್ರ ತಿರುಗಿತು, ತಿರುಗಿತು, ತಿರುಗಿತು.

ತಗ್ಗಿನ ಬೀದಿ: ಎರಡನೇ ಸ್ಥಾನ. ಬೀದಿಯ ಕೊನೆಯಲ್ಲಿ ನಗರಸಭೆಯ ಮುರಿದ ಗಾಡಿಗಳು ಬಿದ್ದಿರುವ ನಿವೇಶನದಲ್ಲಿ ಕೊಳ ತೋಡಿ, ಸುತ್ತ ಜೊಂಡು ನೆಟ್ಟರೆ ಹನ್ನೆರಡು ಮನೆಯ ನೀರೂ ಅಲ್ಲಿ ಹೋಗಿ ಕೂರುತ್ತದೆ ಎಂದೂ ಹೇಳಿದ. ಹೇಳುವುದನ್ನೆಲ್ಲ ಹೇಳಿ, ಒಂದನೇ ಸ್ಥಾನದಲ್ಲಿ ಗುಡ್ಡವನ್ನೇ ಇಟ್ಟಿದ್ದ. ಮೂವತ್ತೇಳು ಕಾಗದವೆಂದರೆ ತಮಾಷೆಯಲ್ಲ.

೬ (ಕಥೆಗಾರನ ಕಳ್ಳಾಟ)

ಎಲ್ಲರೂ ಮನೆಗೆ ಹೋದ ಮೇಲೆ ನಾನೇ ಜಾಣಯ್ಯನ ಮುಂದೆ ಕೂತು ಈ ಕಥೆಯ ಅಂತ್ಯಗಳನ್ನು ತುಂಬಿಸಿದೆ. ಊರಿನ ಪಟ್ಟಿಗೆ ಬಾಗಿಲು ಮುಚ್ಚಿದ್ದರೇನು, ಕಥೆಗೆ ಬಾಗಿಲಿಲ್ಲ.

ಅಂತ್ಯ ಕ: ಸಭೆಯಲ್ಲಿ ಮೇಷ್ಟ್ರು ಎದ್ದು ನಿಂತು, 'ನನ್ನದು ಬರೀ ಎಲೆ, ಅವರದು ಬದುಕು' ಎಂದು ಗದ್ಗದಿತರಾಗಿ ಮೂವತ್ತೇಳೂ ಕಾಗದ ವಾಪಸು ಪಡೆಯುತ್ತಾರೆ. ಅಂಕ ಎಂಬತ್ತೊಂದು. ಜಾಣಯ್ಯನ ಷರಾ: 'ಓದುಗರು ಅಳುತ್ತಾರೆ, ಮೇಷ್ಟ್ರನ್ನು ಬಲ್ಲವರು ನಗುತ್ತಾರೆ.'

ಅಂತ್ಯ ಖ: ಸಭೆ ನಡೆಯುವಾಗಲೇ ಜಡಿಮಳೆ ಬಂದು ಸಭಾಂಗಣಕ್ಕೇ ನೀರು ನುಗ್ಗುತ್ತದೆ. ಅಂಕ ಎಪ್ಪತ್ತನಾಲ್ಕು. ಸಭಾಂಗಣ ಮೂರನೇ ಮಹಡಿಯಲ್ಲಿದೆ ಎಂದು ತಿಳಿದ ಮೇಲೆ ಅಂಕ ಒಂಬತ್ತು.

ಅಂತ್ಯ ಗ: ಮದುವೆ. ಅಂಕ ಎರಡು. ಮದುವೆ ಆಗಲೇ ಆಗಿದೆಯಂತೆ.

ನಗುವಿನ ತೂಕ ಏರಿಸಿದೆ, ನಿಜದ ತೂಕ ಇಳಿಸಿದೆ, ಮತ್ತೆ ತಿರುಗಿಸಿದೆ. ಆಗ ಪರದೆಯ ಕೆಳಗೆ ಆ ಸಣ್ಣ ಸಾಲು ಮೂಡಿತು, ಮುಂದೆ ನನ್ನ ಹೆಸರು. ನಾಚಿಕೆಯಾಗಿ ಎದ್ದು ಬಂದೆ.

೭

ಗುರುವಾರ, ಮಧ್ಯಾಹ್ನ ಮೂರು. ಸಭೆಯಲ್ಲಿ ಒಂಬತ್ತು ಸದಸ್ಯರು, ನಡುವೆ ಅಧ್ಯಕ್ಷೆ, ಗೋಡೆಯ ಬದಿಯ ಬೆಂಚಿನಲ್ಲಿ ಊರಿನವರು. ಅತ್ತೆ ಮತ್ತು ಟೈಲರ್ ಒಂದು ತುದಿಗೆ, ಮೇಷ್ಟ್ರು ಇನ್ನೊಂದು ತುದಿಗೆ. ಎಂಜಿನಿಯರ್ ಫೋಟೋಗಳನ್ನು ತೋರಿಸಿದಳು. ಟೈಲರನ ಸಿಂಹಾಸನ ಬಂದಾಗ ಎಲ್ಲರೂ ನಕ್ಕರು, ಟೈಲರ್ ಎದ್ದು ನಿಂತು ಕೈಮುಗಿದ.

ಮೇಷ್ಟ್ರು ಕೈ ಎತ್ತಿದರು. ಗದ್ಗದಿತರಾಗಿರಲಿಲ್ಲ.

"ಅಧ್ಯಕ್ಷೆಯವರೇ, ನಮ್ಮ ಕಡೆ ಎಲೆ ಕೊಳೆತು ಸೊಳ್ಳೆ ಆಗಿದೆ. ಕ್ರಮವಾಗಿ ಬರ್ಕೊಂಡು ಬಂದಿದೀನಿ. ಒಂದನೇ ಸ್ಥಾನ ನಮಗೆ ಬಂದಿದೆ. ಒಂದು ದಿನದ ಹಿಂದೆ ಹದಿನೇಳನೇದಿದ್ದ ಬೀದಿ ಇವತ್ತು ಎರಡಕ್ಕೆ ಹೇಗೆ ಬಂತು? ಅದು ಯಾರ ಮನೆ ಇರೋ ಬೀದಿ ಅಂತ ಸಭೆಗೆ ಗೊತ್ತಿರಲಿ, ಅಷ್ಟೇ."

ಹದಿನಾಲ್ಕು ವರ್ಷದಿಂದ ಯಾವ ಮಾತು ಬರುತ್ತದೆ ಎಂದು ಅವಳು ಹೆದರಿ ಬಾಯಿ ಮುಚ್ಚಿಕೊಂಡಿದ್ದಳೋ ಆ ಮಾತು ಬಂದೇಬಿಟ್ಟಿತು. ದೊಡ್ಡ ಸಾಹೇಬರು ಫ್ಯಾನು ನೋಡಿದರು. ನಾನು ಅವಳ ಬಾಯಿಗೆ ಒಂದು ಜಾಣ ಉತ್ತರ ಹುಡುಕುತ್ತಿದ್ದೆ. ಅವಳು ಕಾಯಲಿಲ್ಲ.

"ನನ್ನ ಮನೆ ಇರೋ ಬೀದಿ ಮೇಡಂ. ಹನ್ನೆರಡು ಮನೇಲಿ ಆರನೇದು ನಂದು. ನನ್ನ ಮಂಚದ ಕೆಳಗೂ ನೀರು ಬರತ್ತೆ. ಪುಸ್ತಕದಲ್ಲಿ ಒಂದೂ ದೂರು ಇಲ್ಲ, ಯಾಕಂದ್ರೆ ನಾನು ಬರೆಸಲಿಲ್ಲ. ಮನೆ ಕೆಲಸಕ್ಕೆ ಕಚೇರಿ ಬಳಸ್ಕೋತಾಳೆ ಅಂತ ಯಾರಾದ್ರೂ ಅಂದಾರು ಅಂತ. ನನ್ನ ಹೆಸರು ನೆನೆಯದೆ ಇರಲಿ ಅಂತ ಹನ್ನೆರಡು ಮನೆ ನೆನೆಸಿದೆ. ಅದು ನನ್ನ ತಪ್ಪು. ಆದ್ರೆ ಅಳತೆ ತಪ್ಪಲ್ಲ. ಮೇಷ್ಟ್ರೇ ಬಂದು ಟೇಪು ಹಿಡೀಲಿ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಒರೆಸಿದ್ದು ಕನ್ನಡಕವನ್ನು ಮಾತ್ರ, ನೀವು ಬೇರೇನೂ ಕಲ್ಪಿಸಿಕೊಳ್ಳಬೇಡಿ. "ಟೇಪು ನನ್ನತ್ರಾನೂ ಇದೆ," ಎಂದು ಕೂತರು.

ಬೆಂಚಿನಿಂದ ಅತ್ತೆಯ ದನಿ ಕೇಳಿತು: "ಟೈಪಿಸ್ಟ್ ಆಗಿದ್ರೆ ಇಷ್ಟು ಮಾತಾಡ್ತಿರಲಿಲ್ಲ, ಬಿಡಿ."

ಅಧ್ಯಕ್ಷೆ ನಗು ತಡೆದುಕೊಂಡು ಕೈ ಎತ್ತಲು ಹೇಳಿದರು. ಕೈಗಳು ಎದ್ದವು. ಮೊದಲು ಗುಡ್ಡಕ್ಕೆ, ಆಮೇಲೆ ತಗ್ಗಿಗೆ. ನಾಲ್ಕು ಕೈ ಇತ್ತ, ನಾಲ್ಕು ಕೈ ಅತ್ತ, ಒಂಬತ್ತನೆಯ ಸದಸ್ಯರ ಕೈ ಅರ್ಧಕ್ಕೆ ಎದ್ದಿದೆ. ಅದು ಮತವೋ, ಕಿವಿ ತುರಿಸಿಕೊಳ್ಳುವುದೋ, ನಾನು ಕೂತ ಕಡೆಯಿಂದ ತಿಳಿಯುತ್ತಿಲ್ಲ.

ತಿಳಿದರೂ ಹೇಳುವುದಿಲ್ಲ. ಬೈಯಿರಿ, ಪರವಾಗಿಲ್ಲ. ಮೊದಲು ನಾನೂ ಹೇಳಬೇಕು ಎಂದುಕೊಂಡಿದ್ದೆ. ಅತ್ತೆಯೇ ತಡೆದರು.

"ಕೊಳ ಸಿಕ್ಕಿದ್ರೂ ತೋಡೋಕೆ ನಾಲ್ಕು ತಿಂಗಳು ಬೇಕು, ಮಳೆ ಬರೋದು ಮುಂದಿನ ವಾರ," ಎಂದರು. "ಸಿಗದಿದ್ರೂ ಮಳೆ ಬರೋದು ಮುಂದಿನ ವಾರವೇ. ಎರಡಕ್ಕೂ ನಾಳೆ ಮಾಡೋ ಕೆಲಸ ಒಂದೇ. ನೀನು ಅದನ್ನ ಬರಿ."

೮

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ನಗರಸಭೆಯ ನೆಲಮಹಡಿಯಲ್ಲಿ ದೂರಿನ ಕೌಂಟರ್ ತೆರೆಯಿತು. ತೆರೆಯುವ ಮುಂಚೆಯೇ ಸಾಲು ನಿಂತಿತ್ತು. ಸಾಲಿನ ತಲೆಯಲ್ಲಿ ಎಂಜಿನಿಯರ್ ನಿಂತಿದ್ದಳು, ಕಚೇರಿಯ ಗುರುತಿನ ಚೀಟಿಯನ್ನು ಕೊರಳಿಂದ ತೆಗೆದು ಚೀಲಕ್ಕೆ ಹಾಕಿಕೊಂಡು.

ಗುಮಾಸ್ತ ಬೆಪ್ಪಾದ. "ಮೇಡಂ, ನೀವೇ ದೂರು ಕೊಟ್ಟು, ಮೇಲೆ ಹೋಗಿ ನೀವೇ ತಗೋತೀರಾ?"

"ಹೂಂ. ಬರ್ಕೊಳ್ಳಿ. ತಗ್ಗಿನ ಬೀದಿ, ಆರನೇ ಮನೆ. ಮನೆಯೊಳಗೆ ಮಳೆನೀರು ನಿಲ್ಲತ್ತೆ, ಇಪ್ಪತ್ತೊಂದು ಸೆಂಟಿಮೀಟರ್." ಅವಳು ಒಂದೊಂದು ಅಕ್ಷರವನ್ನೂ ಗಮನಿಸುತ್ತ ನಿಂತಳು. "ನಂಬರ್ ಹಾಕಿ. ರಸೀತಿ ಕೊಡಿ."

ರಸೀತಿ ಕೈಗೆ ಬಂತು. ಅದನ್ನು ಎರಡು ಸಲ ಓದಿದಳು. ಹದಿನಾಲ್ಕು ವರ್ಷ ಬೆಳಿಗ್ಗೆ ಆರಕ್ಕೆ ಎದ್ದವಳ ಮುಖದಲ್ಲಿ, ಒಂದು ಇಡೀ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದವರ ಕಳೆ ಇತ್ತು. ಅವಳು ಮೆಟ್ಟಿಲು ಹತ್ತಿ ತನ್ನ ಮೇಜಿಗೆ ಹೋದಳು.

ಅವಳ ಹಿಂದೆ ಟೈಲರ್ ಬಂದ, ಅವನ ಹಿಂದೆ ಎಂಟನೇ ಮನೆಯವರು. ಸಾಲು ಬಾಗಿಲು ದಾಟಿ ರಸ್ತೆಗೆ ಹೋಗಿತ್ತು, ಹನ್ನೆರಡು ಮನೆಗಿಂತ ಉದ್ದ. ಬೇರೆ ಯಾವ್ಯಾವುದೋ ಬೀದಿಯವರೂ ಸೇರಿಕೊಂಡಿದ್ದರು. ನಾನು ಕೌಂಟರಿಗೆ ಒರಗಿಕೊಂಡು, ನೋಟ್‌ಬುಕ್ಕು ತೆರೆದು, ಇದಕ್ಕೆಲ್ಲ ಒಪ್ಪುವ ಒಂದು ಕೊನೆಯ ವಾಕ್ಯಕ್ಕಾಗಿ ಪೆನ್ನು ಕಚ್ಚುತ್ತ ನಿಂತಿದ್ದೆ.

ಯಾರೋ ಬೆನ್ನಿಗೆ ತಿವಿದರು. ಅತ್ತೆ.

"ನಿನ್ನ ಮನೇಲೂ ನೀರು ಬರತ್ತಾ?"

"ಇಲ್ಲಮ್ಮ."

"ಹಂಗಾದ್ರೆ ಪಕ್ಕಕ್ಕೆ ಸರಿಯಪ್ಪ, ಹಿಂದೆ ಜನ ನಿಂತಿದಾರೆ."

ಸರಿದೆ.